ಕೆಲಸ ಬಿಡದೆ, ಕ್ಲಾಸಿಗೆ ಹೋಗದೆ ಎಲ್‌ಎಲ್‌ಬಿ ಮಾಡಬಹುದೇ? ಫಾರ್ವರ್ಡ್ ಸಂದೇಶಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

‘ಕೆಲಸ ಬಿಡಬೇಕಿಲ್ಲ. ಕ್ಲಾಸಿಗೆ ಹೋಗಬೇಕಿಲ್ಲ. ಪರೀಕ್ಷೆ ದಿನ ಬಂದರೆ ಸಾಕು. ಮೂರು ವರ್ಷದಲ್ಲಿ ವಕೀಲರಾಗಿ!’ ಪದವಿ ಫಲಿತಾಂಶ ಬಂದು ಕಾಲೇಜುಗಳ ಪ್ರವೇಶ ಶುರುವಾಗುವ ಹೊತ್ತಿಗೆ ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಕೆಳಗೊಂದು ಮೊಬೈಲ್ ನಂಬರ್ ಇರುತ್ತದೆ. ಅದರ ಬೆನ್ನಿಗೇ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ: ‘ಮೂವತ್ತು ದಾಟಿದವರಿಗೆ ಲಾ ಕಾಲೇಜಿನಲ್ಲಿ ಸೀಟಿಲ್ಲ’, ‘ಮದುವೆಯಾಗಿ ಮಕ್ಕಳಾದ ಮೇಲೆ ಎಲ್‌ಎಲ್‌ಬಿ ಆಸೆ ಬಿಟ್ಟುಬಿಡಿ’.

ಮೊದಲ ಬಗೆಯ ಸಂದೇಶ ನಂಬಿದವರು ಹಣ ಮತ್ತು ಮೂರು ವರ್ಷ ಕಳೆದುಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರು ಓದಬಹುದಾಗಿದ್ದರೂ ಅರ್ಜಿಯನ್ನೇ ಹಾಕುವುದಿಲ್ಲ. ಎರಡೂ ನಷ್ಟವೇ. ಹಾಗಾಗಿ ನೌಕರಿ ಅಥವಾ ಸಂಸಾರದ ಜೊತೆ ಕಾನೂನು ಪದವಿ ಪಡೆಯುವ ಬಗ್ಗೆ ಹೆಚ್ಚು ಕೇಳಿಬರುವ ಹೇಳಿಕೆಗಳನ್ನು ಒಂದೊಂದಾಗಿ ತೆಗೆದುಕೊಂಡು, ನಿಯಮ ಏನು ಹೇಳುತ್ತದೆ, ನ್ಯಾಯಾಲಯಗಳು ಏನು ಹೇಳಿವೆ ಎಂದು ಇಲ್ಲಿ ವಿವರಿಸಿದ್ದೇವೆ.

ಚುಟುಕಾಗಿ ಉತ್ತರ

• ದೂರಶಿಕ್ಷಣ, ಅಂಚೆ ಅಥವಾ ಆನ್‌ಲೈನ್ ಮೂಲಕ ಮಾಡಿದ ಎಲ್‌ಎಲ್‌ಬಿಯಿಂದ ಭಾರತದಲ್ಲಿ ವಕೀಲರಾಗಲು ಆಗುವುದಿಲ್ಲ.
• ಕೆಲಸದಲ್ಲಿರುವವರು ಎಲ್‌ಎಲ್‌ಬಿ ಸೇರಲೇಬಾರದು ಎಂಬ ನಿಯಮವಿಲ್ಲ. ಆದರೆ ತರಗತಿಗೆ ಹಾಜರಾಗಬೇಕು, ಕೆಲಸದ ವಿಷಯ ಮುಚ್ಚಿಡಬಾರದು.
• ವಯಸ್ಸು, ಮದುವೆ, ಮಕ್ಕಳು ಯಾವುದೂ ಪ್ರವೇಶಕ್ಕೆ ಅಡ್ಡಿಯಲ್ಲ.
• ಪದವಿ ಪಡೆಯುವುದು ಬೇರೆ, ಕೋರ್ಟಿನಲ್ಲಿ ವಕೀಲಿ ಮಾಡುವುದು ಬೇರೆ. ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದುಕೊಂಡು ವಕೀಲಿ ಮಾಡುವಂತಿಲ್ಲ.

ಮೊದಲು ತಿಳಿಯಬೇಕಾದ್ದು: ನಿಯಮ ಮಾಡುವವರು ಯಾರು?

ಎಲ್‌ಎಲ್‌ಬಿ ಪದವಿ ಕೊಡುವುದು ವಿಶ್ವವಿದ್ಯಾಲಯ. ನಮ್ಮ ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತವೆ. ಆದರೆ ಪದವಿ ಕೈಗೆ ಬಂದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡು ಸನ್ನದು ಪಡೆಯಬೇಕು. ಯಾವ ಪದವಿ ಆ ನೋಂದಣಿಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತೀರ್ಮಾನಿಸುವುದು ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಭಾರತೀಯ ವಕೀಲರ ಪರಿಷತ್ತು. ಅದು 2008ರಲ್ಲಿ ಮಾಡಿದ ಕಾನೂನು ಶಿಕ್ಷಣ ನಿಯಮಗಳೇ ಇಂದಿಗೂ ಆಧಾರ.

ಆ ನಿಯಮಗಳಲ್ಲಿ ಎರಡೇ ಬಗೆಯ ಕೋರ್ಸ್‌ಗಳಿವೆ. ಪಿಯುಸಿ ನಂತರ ಐದು ವರ್ಷದ್ದು ಒಂದು. ಯಾವುದಾದರೂ ಪದವಿಯ ನಂತರ ಮೂರು ವರ್ಷದ್ದು ಇನ್ನೊಂದು. ‘ಅರೆಕಾಲಿಕ ಎಲ್‌ಎಲ್‌ಬಿ’ ಎಂಬ ಮೂರನೆಯ ಬಗೆಯೇ ಇಲ್ಲ. ನೌಕರಿ, ಸಂಸಾರದ ಜೊತೆ ಓದುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಮೂರು ವರ್ಷದ ಕೋರ್ಸನ್ನು.

ಹೇಳಿಕೆ 1: ‘ದೂರಶಿಕ್ಷಣದಲ್ಲಿ ಎಲ್‌ಎಲ್‌ಬಿ ಮಾಡಿ, ವಕೀಲರಾಗಿ’

ಇದು ಸುಳ್ಳು. ಬಾರ್ ಕೌನ್ಸಿಲ್ ಒಪ್ಪುವುದು ಕಾಲೇಜಿಗೆ ಹೋಗಿ ಓದಿದ, ರೆಗ್ಯುಲರ್ ಪದವಿಯನ್ನು ಮಾತ್ರ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ 2020ರ ತನ್ನ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ ನಿಯಮಗಳಲ್ಲಿ, ದೂರಶಿಕ್ಷಣದಲ್ಲಿ ನಡೆಸಬಾರದ ಕೋರ್ಸ್‌ಗಳ ಪಟ್ಟಿ ಕೊಟ್ಟಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಜೊತೆಗೆ ಕಾನೂನು ಕೂಡ ಆ ಪಟ್ಟಿಯಲ್ಲಿದೆ.

ಹಾಗಾದರೆ ಈ ಜಾಹೀರಾತುಗಳು ಯಾವುದರ ಬಗ್ಗೆ? ಕೆಲವು ಸಲ ಅವು ‘ಕಾನೂನಿನಲ್ಲಿ ಡಿಪ್ಲೊಮಾ’ ಅಥವಾ ‘ಕಾನೂನು ಅಧ್ಯಯನದಲ್ಲಿ ಪದವಿ’ ಎಂಬ ಕೋರ್ಸ್‌ಗಳದ್ದಾಗಿರುತ್ತವೆ. ಅವು ಅಸಲಿಯೇ ಇರಬಹುದು, ಜ್ಞಾನಕ್ಕೆ ಉಪಯೋಗವೂ ಆಗಬಹುದು. ಆದರೆ ಅವು ಎಲ್‌ಎಲ್‌ಬಿ ಅಲ್ಲ. ಇನ್ನು ಕೆಲವು ಸಲ ಹೊರರಾಜ್ಯದ ಯಾವುದೋ ಕಾಲೇಜಿನ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸಿ, ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರ ಮಾತಾಗಿರುತ್ತದೆ. ಇದು ಇನ್ನೂ ಅಪಾಯದ್ದು. ನೀವು ಮೈಸೂರಿನಲ್ಲಿ ಬೆರಳಚ್ಚು ಒತ್ತಿ ಕೆಲಸಕ್ಕೆ ಹೋದ ದಿನವೇ ಸಾವಿರ ಕಿಲೋಮೀಟರ್ ದೂರದ ತರಗತಿಯಲ್ಲೂ ಹಾಜರಿದ್ದಿರಿ ಎಂದು ಎರಡು ದಾಖಲೆಗಳು ಹೇಳಿದರೆ, ಮುಂದೊಂದು ದಿನ ಪ್ರಶ್ನೆ ಬರುವುದು ಏಜೆಂಟನಿಗಲ್ಲ, ನಿಮಗೆ.

ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಎಲ್‌ಎಲ್‌ಬಿ ಬಗ್ಗೆಯೂ ಇದೇ ಎಚ್ಚರ ಬೇಕು. ವಿದೇಶಿ ಕಾನೂನು ಪದವಿಗೆ ಬಾರ್ ಕೌನ್ಸಿಲ್‌ನ ಮಾನ್ಯತೆ ಇರಬೇಕು. ಅದರ ಮೇಲೆ ಬಾರ್ ಕೌನ್ಸಿಲ್ ನಡೆಸುವ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಹೇಳಿಕೆ 2: ‘ಸಂಜೆ ಕಾಲೇಜಿನಲ್ಲಿ ಓದಿದರಾಯಿತು, ನಮ್ಮ ಮಾವ ಹಾಗೇ ಓದಿದ್ದು’

ಇದು ಅರ್ಧ ನಿಜ. ನಿಮ್ಮ ಮಾವ ಹೇಳುವುದು ಸುಳ್ಳಲ್ಲ. ಬ್ಯಾಂಕು, ಅಂಚೆ ಕಚೇರಿ, ಕಾರ್ಖಾನೆಗಳಲ್ಲಿ ದುಡಿದು, ಸಂಜೆ ಕಾನೂನು ಕಾಲೇಜಿಗೆ ಹೋಗಿ ಎಲ್‌ಎಲ್‌ಬಿ ಮಾಡಿದ ಒಂದು ಇಡೀ ತಲೆಮಾರೇ ನಮ್ಮಲ್ಲಿದೆ. ಆದರೆ ಈಗ ನಿಯಮ ಬದಲಾಗಿದೆ. 2008ರ ನಿಯಮಗಳ ಪ್ರಕಾರ, ಪೂರ್ಣ ವಸತಿ ಕಾಲೇಜು ಅಲ್ಲದ ಕಡೆ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಗ್ರಂಥಾಲಯ ಮಾತ್ರ ರಾತ್ರಿ 10ರವರೆಗೆ ತೆರೆದಿರಬಹುದು.

ಅಂದರೆ ಆಫೀಸು ಮುಗಿಸಿಕೊಂಡು ಆರೂವರೆಗೆ ಹೋಗಿ ಒಂಬತ್ತೂವರೆಗೆ ಮನೆಗೆ ಬರುವ ಹಳೆಯ ಸಂಜೆ ಕಾಲೇಜಿಗೆ ಈಗಿನ ನಿಯಮದಲ್ಲಿ ಜಾಗವಿಲ್ಲ. ಯಾರಾದರೂ ‘ಸಂಜೆ ಬ್ಯಾಚ್’ ಅಥವಾ ‘ವಾರಾಂತ್ಯದ ಬ್ಯಾಚ್’ ಎಂದರೆ, ವೇಳಾಪಟ್ಟಿಯನ್ನು ಕಾಗದದ ಮೇಲೆ ಕೇಳಿ. ಶನಿವಾರ, ಭಾನುವಾರ ಮಾತ್ರ ನಡೆಯುವ ತರಗತಿಗಳಿಂದ ನಿಯಮ ಕೇಳುವಷ್ಟು ಗಂಟೆಗಳು ತುಂಬುವುದೇ ಇಲ್ಲ. ಹೇಗೆ ಎಂಬುದನ್ನು ಮುಂದೆ ಲೆಕ್ಕ ಹಾಕಿ ತೋರಿಸಿದ್ದೇವೆ.

ಹೇಳಿಕೆ 3: ‘ಹಾಜರಾತಿ ಎಲ್ಲ ನೆಪಕ್ಕೆ, ಯಾರೂ ನೋಡುವುದಿಲ್ಲ’

ಇದೂ ಸುಳ್ಳು, ಮತ್ತು ದುಬಾರಿಯಾಗಬಹುದಾದ ಸುಳ್ಳು. ನಿಯಮ 12ರ ಪ್ರಕಾರ ಪ್ರತಿ ವಿಷಯದಲ್ಲೂ ಶೇ. 70ರಷ್ಟು ಹಾಜರಾತಿ ಬೇಕು. ಅಣಕು ನ್ಯಾಯಾಲಯ, ಪ್ರಾಯೋಗಿಕ ತರಬೇತಿಗಳಿಗೂ ಇದು ಅನ್ವಯಿಸುತ್ತದೆ. ವಿಶೇಷ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ. 65 ಇದ್ದರೂ, ಎಲ್ಲ ವಿಷಯ ಸೇರಿ ಶೇ. 70 ಆಗುವಂತಿದ್ದರೆ, ಕಾರಣವನ್ನು ದಾಖಲಿಸಿ ಪರೀಕ್ಷೆಗೆ ಬಿಡಬಹುದು. ಅದಕ್ಕಿಂತ ಕೆಳಗಿಳಿಯಲು ನಿಯಮದಲ್ಲಿ ದಾರಿಯಿಲ್ಲ.

ಈಗ ಲೆಕ್ಕ ನೋಡೋಣ. ಮೂರು ವರ್ಷದ ಕೋರ್ಸಿನಲ್ಲಿ ಒಂದು ಸೆಮಿಸ್ಟರ್ ಕನಿಷ್ಠ 15 ವಾರ ಇರಬೇಕು. ವಾರಕ್ಕೆ ಕನಿಷ್ಠ 30 ತರಗತಿ ಗಂಟೆಗಳು. ಅಂದರೆ ಸೆಮಿಸ್ಟರಿಗೆ 450 ಗಂಟೆ. ಅದರ ಶೇ. 70 ಎಂದರೆ 315 ಗಂಟೆ, ವಾರಕ್ಕೆ 21 ಗಂಟೆ. ವಾರಕ್ಕೆ ಆರು ದಿನ ಕಾಲೇಜು ಇದ್ದರೆ ದಿನಕ್ಕೆ ಸರಾಸರಿ ಮೂರೂವರೆ ಗಂಟೆ ನೀವು ತರಗತಿಯಲ್ಲಿ ಇರಲೇಬೇಕು. ಬಸ್ಸಿನ ಸಮಯ, ಮನೆಯಲ್ಲಿ ಓದುವ ಸಮಯ ಇದರಲ್ಲಿ ಸೇರಿಲ್ಲ. ಆರು ಸೆಮಿಸ್ಟರಿಗೆ ಒಟ್ಟು 1,890 ಗಂಟೆ.

ಇದಲ್ಲದೆ ಮೂರು ವರ್ಷದಲ್ಲಿ ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಬೇಕು. ವಕೀಲರ ಕಚೇರಿ, ನ್ಯಾಯಾಲಯ, ಸ್ವಯಂಸೇವಾ ಸಂಸ್ಥೆ ಮುಂತಾದ ಕಡೆ ಮಾಡಬಹುದು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಹಾಗಾಗಿ ‘ಕೊನೇ ವರ್ಷ ಒಟ್ಟಿಗೆ ಮುಗಿಸಿಬಿಡೋಣ’ ಎಂದು ಮುಂದಕ್ಕೆ ಹಾಕಿದರೆ ಕಷ್ಟ.

‘ಯಾರೂ ನೋಡುವುದಿಲ್ಲ’ ಎಂಬ ಮಾತಿನ ಕಾಲವೂ ಮುಗಿಯುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಎಲ್ಲ ಕಾನೂನು ಕಾಲೇಜುಗಳಿಗೆ ಸುತ್ತೋಲೆ ಕಳಿಸಿತು. ಬಯೋಮೆಟ್ರಿಕ್ ಹಾಜರಾತಿ ಮತ್ತು ಸಿಸಿಟಿವಿ ಅಳವಡಿಸಬೇಕು ಎಂದಿತು. ಅಂತಿಮ ಅಂಕಪಟ್ಟಿ ಮತ್ತು ಪದವಿ ಕೊಡುವ ಮೊದಲು ವಿದ್ಯಾರ್ಥಿಗಳಿಂದ ಘೋಷಣೆ ಪಡೆಯಬೇಕು ಎಂದೂ ಹೇಳಿತು. ಕ್ರಿಮಿನಲ್ ಪ್ರಕರಣ ಇದೆಯೇ, ಜೊತೆಯಲ್ಲಿ ಬೇರೆ ರೆಗ್ಯುಲರ್ ಪದವಿ ಮಾಡಿದ್ದಾರೆಯೇ, ಓದುವಾಗ ಕೆಲಸದಲ್ಲಿದ್ದರೇ, ಇದ್ದರೆ ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಪಡೆದಿದ್ದರೇ, ಹಾಜರಾತಿ ಸರಿಯಿದೆಯೇ ಎಂಬ ವಿವರಗಳು ಅದರಲ್ಲಿರಬೇಕು.

ಈ ಸುತ್ತೋಲೆಯನ್ನೇ ಕೆಲವರು ‘ಕೆಲಸ ಮಾಡುವವರು ಇನ್ನು ಎಲ್‌ಎಲ್‌ಬಿ ಮಾಡುವಂತಿಲ್ಲ’ ಎಂದು ಓದಿಕೊಂಡರು. ಅದು ತಪ್ಪು. ಸುತ್ತೋಲೆ ಕೇಳುವುದು ಎರಡು ಸಂಗತಿ: ಕೆಲಸದ ವಿಷಯ ಮುಚ್ಚಿಡಬೇಡಿ, ಅನುಮತಿ ಪತ್ರ ತನ್ನಿ.

ಇದಕ್ಕೆ ಎದುರಾಗಿ ಇನ್ನೊಂದು ಸುದ್ದಿಯೂ ಹಬ್ಬಿದೆ: ‘ಕೋರ್ಟ್ ಹಾಜರಾತಿ ನಿಯಮವನ್ನೇ ರದ್ದು ಮಾಡಿದೆ’. 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟದ್ದು ನಿಜ. ಹಾಜರಾತಿ ಕೊರತೆಯ ಕಾರಣಕ್ಕೆ ಪರೀಕ್ಷೆ ಬರೆಯಲಾಗದೆ ನೊಂದ ಕಾನೂನು ವಿದ್ಯಾರ್ಥಿಯೊಬ್ಬರು 2016ರಲ್ಲಿ ಜೀವ ಕಳೆದುಕೊಂಡ ಪ್ರಕರಣದಿಂದ ಹುಟ್ಟಿದ ವಿಚಾರಣೆ ಅದು. ಹಾಜರಾತಿ ಕೊರತೆ ಎಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ತಡೆಯಬಾರದು, ಬಾರ್ ಕೌನ್ಸಿಲ್ ತನ್ನ ನಿಯಮವನ್ನು ಮರುಪರಿಶೀಲಿಸಬೇಕು ಎಂದು ಕೋರ್ಟ್ ಹೇಳಿತು. ಕೊರತೆ ಇರುವವರಿಗೆ ಹೆಚ್ಚುವರಿ ತರಗತಿಯಂಥ ದಾರಿ ಮಾಡಿಕೊಡಿ ಎಂದೂ ಹೇಳಿತು. ಆದರೆ ‘ಕಾಲೇಜಿಗೆ ಹೋಗಬೇಕಿಲ್ಲ’ ಎಂದು ಎಲ್ಲೂ ಹೇಳಲಿಲ್ಲ. ಈ ತೀರ್ಪಿನ ಭರವಸೆಯ ಮೇಲೆ ತರಗತಿ ತಪ್ಪಿಸುವ ಮೊದಲು, ನಿಮ್ಮ ಕಾಲೇಜು ಈಗ ಯಾವ ನಿಯಮ ಪಾಲಿಸುತ್ತಿದೆ ಎಂದು ಲಿಖಿತವಾಗಿ ಕೇಳಿ ತಿಳಿಯಿರಿ.

ಹೇಳಿಕೆ 4: ‘30 ದಾಟಿದರೆ ಸೀಟಿಲ್ಲ, 45 ದಾಟಿದರೆ ಸನ್ನದು ಇಲ್ಲ’

ಇವತ್ತಿನ ಮಟ್ಟಿಗೆ ಎರಡೂ ನಿಜವಲ್ಲ. ಆದರೆ ಈ ಸುದ್ದಿ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಕಥೆಯಿದೆ.

2008ರ ನಿಯಮಗಳಲ್ಲಿ ಐದು ವರ್ಷದ ಕೋರ್ಸಿಗೆ 20, ಮೂರು ವರ್ಷದ ಕೋರ್ಸಿಗೆ 30 ಎಂಬ ವಯಸ್ಸಿನ ಮಿತಿ ಇತ್ತು. ಅದರ ಮೇಲೆ ಹಲವು ಹೈಕೋರ್ಟ್‌ಗಳಲ್ಲಿ ಪ್ರಕರಣ ನಡೆದವು. 2013ರಲ್ಲಿ ಬಾರ್ ಕೌನ್ಸಿಲ್ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಮತ್ತೆ ತಂದಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಗೆ ತಡೆಯಾಜ್ಞೆ ನೀಡಿತು. ಹೀಗೆ ಬಂದು ಹೋದ ನಿಯಮದ ಹಳೆಯ ಪತ್ರಿಕಾ ತುಣುಕುಗಳೇ ಇಂದಿಗೂ ಫಾರ್ವರ್ಡ್ ಆಗುತ್ತಿವೆ.

45ರ ಕಥೆ ಇನ್ನೂ ಹಳೆಯದು. 45 ದಾಟಿದವರನ್ನು ವಕೀಲರಾಗಿ ನೋಂದಾಯಿಸಬಾರದು ಎಂದು ಬಾರ್ ಕೌನ್ಸಿಲ್ ಹಿಂದೊಮ್ಮೆ ನಿಯಮ ಮಾಡಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ನಿವೃತ್ತಿಯ ನಂತರ ಕರಿಕೋಟು ಹಾಕುವ ಕನಸು ಇಟ್ಟುಕೊಂಡವರಿಗೆ ಕಾನೂನಿನ ತಡೆ ಇಲ್ಲ.

ಹೇಳಿಕೆ 5: ‘ಮುಕ್ತ ವಿಶ್ವವಿದ್ಯಾಲಯದ ಪದವಿ ಇದ್ದರೆ ಎಲ್‌ಎಲ್‌ಬಿ ಸೇರಲು ಆಗುವುದಿಲ್ಲ’

ಇದು ನೀವು ಓದಿಬಂದ ದಾರಿಯ ಮೇಲೆ ನಿಂತಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ, ಆಮೇಲೆ ಮಾನ್ಯತೆ ಇರುವ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಅಥವಾ ಬಿಕಾಂ ಮಾಡಿದ್ದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಅರ್ಹರು. ಆದರೆ ಪಿಯುಸಿಯನ್ನೇ ಮಾಡದೆ, ವಯಸ್ಸಿನ ಆಧಾರದ ಮೇಲೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದಿದ್ದರೆ ಅರ್ಹರಲ್ಲ. ನಿಯಮ 5ರ ವಿವರಣೆಯಲ್ಲಿ ಇದು ಸ್ಪಷ್ಟವಾಗಿದೆ.

ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಓದು ನಿಂತು, ಮಕ್ಕಳು ಬೆಳೆದ ಮೇಲೆ ಮತ್ತೆ ಪುಸ್ತಕ ಹಿಡಿದ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ. ಆದ್ದರಿಂದ ಪದವಿಗೆ ಮೊದಲು ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯನ್ನು ಕ್ರಮವಾಗಿ ಪಾಸು ಮಾಡಿಕೊಳ್ಳಿ. ನೀವು ಓದಿದ ವರ್ಷದಲ್ಲಿ ಆ ದೂರಶಿಕ್ಷಣ ಕೋರ್ಸಿಗೆ ಯುಜಿಸಿ ಮಾನ್ಯತೆ ಇತ್ತೇ ಎಂಬುದನ್ನೂ ನೋಡಿಕೊಳ್ಳಿ.

ಅಂಕದ ವಿಷಯಕ್ಕೆ ಬಂದರೆ, ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40 ಕನಿಷ್ಠ ಮಿತಿ ಎಂದು 2008ರ ನಿಯಮ ಹೇಳುತ್ತದೆ. ಹಿಂದುಳಿದ ವರ್ಗಗಳ ರಿಯಾಯಿತಿಗೆ ಆಯಾ ವರ್ಷದ ಪ್ರವೇಶ ಅಧಿಸೂಚನೆ ನೋಡಿ.

ಹೇಳಿಕೆ 6: ‘ಯುಜಿಸಿ ಎರಡು ಪದವಿಗೆ ಒಪ್ಪಿದೆ, ಎಲ್‌ಎಲ್‌ಬಿ ಜೊತೆ ಎಂಬಿಎ ಕೂಡ ಮಾಡಿ’

ಇದು ದಾರಿ ತಪ್ಪಿಸುವ ಹೇಳಿಕೆ. 2022ರಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅವಕಾಶ ಕೊಟ್ಟಿದ್ದು ನಿಜ. ಆದರೆ ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್‌ನ ನಿಯಮ 6 ಅಡ್ಡ ಬರುತ್ತದೆ. ಎಲ್‌ಎಲ್‌ಬಿ ಓದುವಾಗ ಜೊತೆಯಲ್ಲಿ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವಂತಿಲ್ಲ. ಭಾಷೆ, ಕಂಪ್ಯೂಟರ್‌ನಂಥ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸುಗಳು ಮತ್ತು ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರದ ಕೋರ್ಸುಗಳಿಗೆ ಮಾತ್ರ ವಿನಾಯಿತಿ ಇದೆ.

ಹೇಳಿಕೆ 7: ‘ಬಸುರಿ, ಬಾಣಂತಿಯರಿಗೆ ಹಾಜರಾತಿ ತಾನಾಗಿಯೇ ಮಾಫಿ’

ಹೀಗೆಂದು ನಂಬಿ ಕೂರಬೇಡಿ. ಬಾರ್ ಕೌನ್ಸಿಲ್‌ನ ಹಾಜರಾತಿ ನಿಯಮದಲ್ಲಿ ಹೆರಿಗೆಗೆ ಪ್ರತ್ಯೇಕ ವಿನಾಯಿತಿ ಇಲ್ಲ. 2018ರಲ್ಲಿ ಗರ್ಭಿಣಿಯಾಗಿದ್ದ ಕಾನೂನು ವಿದ್ಯಾರ್ಥಿನಿಯೊಬ್ಬರು ಹಾಜರಾತಿ ಸಾಲದೆ ಪರೀಕ್ಷೆ ಬರೆಯಲಾಗದೆ ದೆಹಲಿ ಹೈಕೋರ್ಟಿಗೆ ಹೋದರು. ಕಾನೂನು ವೃತ್ತಿಪರ ಕೋರ್ಸ್, ನಿಯಮ ಸಡಿಲಿಸಲಾಗದು ಎಂದು ಕೋರ್ಟ್ ಅವರಿಗೆ ಪರಿಹಾರ ಕೊಡಲಿಲ್ಲ. ಆಮೇಲೆ 2021ರ ಡಿಸೆಂಬರ್‌ನಲ್ಲಿ ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ ಮತ್ತು ಹಾಜರಾತಿ ರಿಯಾಯಿತಿಗೆ ಸೂಕ್ತ ನಿಯಮ ಮಾಡಿ ಎಂದು ಸೂಚಿಸಿತು. ಮೇಲೆ ಹೇಳಿದ 2025ರ ತೀರ್ಪು ಕೂಡ ಈ ದಿಕ್ಕಿನಲ್ಲಿ ಬಲ ತರುತ್ತದೆ. ಆದರೂ ರಿಯಾಯಿತಿ ತಾನಾಗಿ ಬರುವುದಿಲ್ಲ. ಅರ್ಜಿ ಕೊಡಬೇಕು, ವೈದ್ಯಕೀಯ ದಾಖಲೆ ಲಗತ್ತಿಸಬೇಕು, ಸ್ವೀಕೃತಿ ಇಟ್ಟುಕೊಳ್ಳಬೇಕು. ಸೆಮಿಸ್ಟರ್ ಕೊನೆಯಲ್ಲಿ ಅಲ್ಲ, ಶುರುವಿನಲ್ಲೇ.

ಇಲ್ಲಿ ಲೀಲಾ ಸೇಠ್ ಅವರ ಬದುಕನ್ನು ನೆನೆಯಬಹುದು. ಗಂಡನ ಕೆಲಸದ ನಿಮಿತ್ತ ಲಂಡನ್ನಿನಲ್ಲಿದ್ದಾಗ, ಚಿಕ್ಕ ಮಕ್ಕಳ ತಾಯಿಯಾಗಿದ್ದ ಅವರು ಕಾನೂನು ಓದಲು ಹೊರಟರು. ಬೇರೆ ಕೋರ್ಸುಗಳಷ್ಟು ಬಿಗಿಯಾದ ಹಾಜರಾತಿ ಅಲ್ಲಿ ಇರಲಿಲ್ಲ ಎಂಬುದೇ ಆ ಆಯ್ಕೆಗೆ ಕಾರಣ. 1958ರಲ್ಲಿ ಲಂಡನ್ನಿನ ಬಾರ್ ಪರೀಕ್ಷೆಯಲ್ಲಿ ಅವರೇ ಮೊದಲ ಸ್ಥಾನ ಪಡೆದರು. 1991ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ದೇಶದಲ್ಲಿ ಹೈಕೋರ್ಟ್ ಒಂದರ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆ ಅವರು. ಹಾಜರಾತಿಯ ಬಾಗಿಲು ಎಷ್ಟು ಅಗಲ ಎಂಬುದು ಯಾರು ಒಳಗೆ ಬರುತ್ತಾರೆ ಎಂಬುದನ್ನೂ ತೀರ್ಮಾನಿಸುತ್ತದೆ. ನಿಯಮ ಬಿಗಿಯಾಗಿರಬೇಕು ಎನ್ನುವವರೂ, ಸಡಿಲಿಸಬೇಕು ಎನ್ನುವವರೂ ಇದನ್ನು ಗಮನಿಸಬೇಕು.

ಹೇಳಿಕೆ 8: ‘ಬೆಳಿಗ್ಗೆ ಆಫೀಸು, ಬಿಡುವಿದ್ದಾಗ ಕೋರ್ಟು’

ಸುಳ್ಳು. ಬಾರ್ ಕೌನ್ಸಿಲ್‌ನ ನಿಯಮ 49ರ ಪ್ರಕಾರ, ವಕೀಲಿ ಮಾಡುವವರು ಸರ್ಕಾರ, ಕಂಪನಿ ಅಥವಾ ಯಾವುದೇ ವ್ಯಕ್ತಿಯ ಬಳಿ ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ವಕೀಲರಾದ ಮೇಲೆ ನೌಕರಿ ಸಿಕ್ಕರೆ ರಾಜ್ಯ ಪರಿಷತ್ತಿಗೆ ತಿಳಿಸಿ ವಕೀಲಿ ನಿಲ್ಲಿಸಬೇಕು. ತಾವೇ ಖುದ್ದಾಗಿ ವ್ಯಾಪಾರ ನಡೆಸುವುದಕ್ಕೂ ನಿರ್ಬಂಧವಿದೆ.

ಬೇರೆ ವೃತ್ತಿಯವರ ಪಾಡೇನು? ಮುಂಬೈನ ಶಸ್ತ್ರಚಿಕಿತ್ಸಕರಾಗಿದ್ದ ಡಾ. ಹನಿರಾಜ್ ಚುಲಾನಿ ಎಲ್‌ಎಲ್‌ಬಿ ಮಾಡಿ, ವೈದ್ಯ ವೃತ್ತಿ ಬಿಡದೆ ವಕೀಲರಾಗಿಯೂ ನೋಂದಾಯಿಸಿ ಎಂದು ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಕೀಲಿ ಪೂರ್ಣ ಗಮನ ಕೇಳುವ ವೃತ್ತಿ, ಎರಡು ದೋಣಿಯಲ್ಲಿ ಕಾಲಿಡಲಾಗದು ಎಂಬರ್ಥದಲ್ಲಿ 1996ರಲ್ಲಿ ತೀರ್ಪು ಬಂತು. ಇದಕ್ಕೆ ಒಂದು ವಿನಾಯಿತಿ ಕಾನೂನು ಬೋಧನೆ. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು.

ಹಾಗೆಂದು ಪದವಿ ಬಂದ ದಿನವೇ ಕೆಲಸ ಬಿಟ್ಟು ಕೂರಬೇಕಿಲ್ಲ. ವಕೀಲಿ ಮಾಡಲು ಅಖಿಲ ಭಾರತ ಬಾರ್ ಪರೀಕ್ಷೆ (ಎಐಬಿಇ) ಪಾಸಾಗಬೇಕು. ಕೆಲಸ ಬಿಟ್ಟ ಮೇಲೆ ಪರೀಕ್ಷೆಯಲ್ಲಿ ಫೇಲಾದರೆ ಸಂಸಾರದ ಗತಿಯೇನು? ಕೆಲಸದಲ್ಲಿದ್ದ ಗುಜರಾತಿನ ಒಬ್ಬ ಒಂಟಿ ತಾಯಿಯ ಪ್ರಕರಣದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬೇರೆ ಕೆಲಸದಲ್ಲಿರುವವರು ಕೆಲಸ ಬಿಡದೆಯೇ ಪರೀಕ್ಷೆ ಬರೆಯಬಹುದು, ಪಾಸಾದ ಮೇಲೆ ಕೆಲಸವೋ ವಕೀಲಿಯೋ ಎಂದು ತೀರ್ಮಾನಿಸಲು ಆರು ತಿಂಗಳ ಸಮಯ ಕೊಡಬೇಕು ಎಂಬ ವ್ಯವಸ್ಥೆಗೆ 2022ರಲ್ಲಿ ಕೋರ್ಟ್ ಒಪ್ಪಿತು. ಎರಡೂ ಒಟ್ಟಿಗೆ ನಡೆಸಬಹುದು ಎಂದು ಇದರ ಅರ್ಥವಲ್ಲ. ಯೋಚಿಸಿ ಆರಿಸಿಕೊಳ್ಳಲು ಸಮಯವಿದೆ ಎಂದಷ್ಟೇ ಅರ್ಥ.

ಹೇಳಿಕೆ 9: ‘ಸನ್ನದಿಗೆ ಹತ್ತಾರು ಸಾವಿರ ಕಟ್ಟಬೇಕು, ಮರುದಿನವೇ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದು’

ಎರಡೂ ಈಗ ಬದಲಾಗಿವೆ. ವಕೀಲರ ಕಾಯ್ದೆಯಲ್ಲಿ ಹೇಳಿರುವುದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಸಾಮಾನ್ಯ ವರ್ಗಕ್ಕೆ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂಪಾಯಿ. ಸ್ಟಾಂಪ್ ಶುಲ್ಕವಿದ್ದರೆ ಅದು ಬೇರೆ. ‘ಸನ್ನದು ಕೊಡಿಸುತ್ತೇನೆ’ ಎಂದು ದೊಡ್ಡ ಮೊತ್ತ ಕೇಳುವವರಿಗೆ ಈ ಅಂಕಿ ತೋರಿಸಿ.

ಇನ್ನು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿ ಅನುಭವ ಬೇಕು ಎಂಬ ಷರತ್ತನ್ನು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮತ್ತೆ ತಂದಿದೆ. ನೌಕರಿಯಲ್ಲಿದ್ದುಕೊಂಡು ಎಲ್‌ಎಲ್‌ಬಿ ಮುಗಿಸಿ ನೇರವಾಗಿ ನ್ಯಾಯಾಧೀಶರಾಗುವ ಲೆಕ್ಕ ಹಾಕಿದ್ದವರು ಇದನ್ನು ಗಮನಿಸಬೇಕು.

ಹಾಗಾದರೆ ಯಾರಿಗೆ ಸಾಧ್ಯ? ಹೇಗೆ?

ಬೆಳಿಗ್ಗೆ ಹತ್ತರಿಂದ ಆರರವರೆಗೆ ಆಫೀಸಿನಲ್ಲಿ ಕೂರಲೇಬೇಕಾದವರಿಗೆ ನಿಯಮದ ಪ್ರಕಾರ ಓದುವುದು ಬಹಳ ಕಷ್ಟ. ಸಿಹಿ ಮಾತು ಹೇಳಿ ಪ್ರಯೋಜನವಿಲ್ಲ. ಎಂಟಕ್ಕೆ ಶುರುವಾಗುವ ಕಾಲೇಜಿನಲ್ಲಿ ಒಂಬತ್ತೂವರೆಗೆ ಎದ್ದು ಹೊರಟರೆ ದಿನಕ್ಕೆ ಸಿಗುವುದು ಒಂದೂವರೆ ಗಂಟೆ. ಬೇಕಾದದ್ದು ಮೂರೂವರೆ.

ಆದರೆ ಎಲ್ಲರ ಕೆಲಸವೂ ಹತ್ತರಿಂದ ಆರಲ್ಲ. ಮಧ್ಯಾಹ್ನ ಎರಡರ ಪಾಳಿಗೆ ಹೋಗುವ ಕಾರ್ಖಾನೆ ನೌಕರರು, ರಾತ್ರಿ ಪಾಳಿಯ ನರ್ಸುಗಳು, ಸ್ವಂತ ಅಂಗಡಿ ಇಟ್ಟವರು, ವಿಮಾ ಏಜೆಂಟರು, ಮನೆಪಾಠ ಹೇಳುವವರು, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಮಧ್ಯಾಹ್ನದವರೆಗೆ ಬಿಡುವಿರುವ ಗೃಹಿಣಿಯರು, ನಿವೃತ್ತರು, ಇವರಿಗೆ ದಾರಿ ಇದೆ. ಉದಾಹರಣೆಗೆ ಒಬ್ಬರು ತಾಯಿ, ಎಂಟೂವರೆಗೆ ಮಗುವನ್ನು ಶಾಲೆಗೆ ಬಿಟ್ಟು, ಒಂಬತ್ತೂವರೆಯಿಂದ ಒಂದೂವರೆಯವರೆಗೆ ವಾರಕ್ಕೆ ಆರು ದಿನ ಕಾಲೇಜಿನಲ್ಲಿದ್ದರೆ ವಾರಕ್ಕೆ 24 ಗಂಟೆ ಆಗುತ್ತದೆ. ಬೇಕಾದ 21ಕ್ಕಿಂತ ಮೂರು ಗಂಟೆ ಹೆಚ್ಚೇ. ಮಗುವಿಗೆ ಜ್ವರ ಬಂದ ದಿನಕ್ಕೆ ಆ ಮೂರು ಗಂಟೆಯೇ ಉಳಿತಾಯ. ಆದರೆ ಹಾಜರಾತಿ ಲೆಕ್ಕ ವಿಷಯವಾರು ಆಗುವುದರಿಂದ, ಯಾವಾಗಲೂ ಮಧ್ಯಾಹ್ನದ ಕೊನೆಯ ತರಗತಿಯನ್ನೇ ತಪ್ಪಿಸಬೇಡಿ. ಆ ಒಂದು ವಿಷಯವೇ ನಿಮ್ಮನ್ನು ಹಿಡಿದು ನಿಲ್ಲಿಸಬಹುದು.

ಇಂಗ್ಲಿಷ್ ಭಯ ಇರುವವರಿಗೆ ಒಂದು ಒಳ್ಳೆಯ ಸುದ್ದಿ: ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಪರೀಕ್ಷೆಯಲ್ಲಿ ಉತ್ತರಗಳನ್ನು ಪೂರ್ತಿಯಾಗಿ ಕನ್ನಡದಲ್ಲೇ ಬರೆಯಬಹುದು. ಒಂದು ಉತ್ತರ ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ ಎಂದು ಬೆರೆಸುವಂತಿಲ್ಲ, ಅಷ್ಟೆ.

ಹಣ ಕಟ್ಟುವ ಮೊದಲು ಕೇಳಬೇಕಾದ ಆರು ಪ್ರಶ್ನೆಗಳು

1. ನೀವು ಸೇರುವ ಶೈಕ್ಷಣಿಕ ವರ್ಷಕ್ಕೆ ಕಾಲೇಜಿಗೆ ಬಾರ್ ಕೌನ್ಸಿಲ್ ಅನುಮೋದನೆ ಇದೆಯೇ? ಪತ್ರ ತೋರಿಸಲು ಹೇಳಿ, ಬಾರ್ ಕೌನ್ಸಿಲ್ ವೆಬ್‌ಸೈಟಿನ ಪಟ್ಟಿಯಲ್ಲೂ ನೋಡಿ.
2. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲವಷ್ಟೇ?
3. ತರಗತಿಗಳ ವೇಳಾಪಟ್ಟಿ ಏನು? ಅದು ನಿಮ್ಮ ಪಾಳಿಗೆ ಹೊಂದುತ್ತದೆಯೇ?
4. ಉದ್ಯೋಗದಾತರ ಲಿಖಿತ ಅನುಮತಿ ಸಿಗುತ್ತದೆಯೇ? ಸರ್ಕಾರಿ ನೌಕರರಾದರೆ ಪ್ರವೇಶಕ್ಕೆ ಮೊದಲೇ ಇಲಾಖೆಗೆ ಅರ್ಜಿ ಕೊಡಿ.
5. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರೂ ಕ್ರಮವಾಗಿ ಆಗಿವೆಯೇ?
6. ಶುಲ್ಕ ಕಾಲೇಜಿನ ಖಾತೆಗೆ ಹೋಗುತ್ತದೆಯೋ, ಯಾರದೋ ಫೋನ್‌ಪೇ ನಂಬರಿಗೋ? ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ.

ವಕೀಲರಾಗುವ ಆಸೆಯಿಲ್ಲ, ಕಾನೂನು ಗೊತ್ತಿದ್ದರೆ ಸಾಕು ಎನ್ನುವವರಿಗೆ

ಅಂಥವರಿಗೆ ಮೂರು ವರ್ಷದ ಪದವಿ ಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ಡಿಪ್ಲೊಮಾಗಳನ್ನು ನಡೆಸುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಕಾನೂನು ಸಂಬಂಧಿ ಸರ್ಟಿಫಿಕೇಟ್, ಡಿಪ್ಲೊಮಾಗಳಿವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಅರೆಕಾನೂನು ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುತ್ತವೆ. ಅದಕ್ಕೆ ಕಾನೂನು ಪದವಿ ಬೇಕಿಲ್ಲ. ಇನ್ನು, ‘ನನ್ನದೇ ಕೇಸು ನಾನೇ ನಡೆಸಲು ಎಲ್‌ಎಲ್‌ಬಿ ಮಾಡಬೇಕು’ ಎಂದು ಹೊರಡುವ ಹೆಣ್ಣುಮಕ್ಕಳು ಒಂದು ವಿಷಯ ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಕೊನೆಯ ಮಾತು

ಕೆಲಸ, ಸಂಸಾರದ ಜೊತೆ ಎಲ್‌ಎಲ್‌ಬಿ ಮಾಡುವುದು ಅಸಾಧ್ಯವಲ್ಲ, ಸುಲಭವೂ ಅಲ್ಲ. ವಾರಕ್ಕೆ 21 ಗಂಟೆ ತರಗತಿಯಲ್ಲಿ ಕೂರಲು ಸಾಧ್ಯವೇ ಎಂದು ನಿಮ್ಮನ್ನೂ ಮನೆಯವರನ್ನೂ ಕೇಳಿಕೊಳ್ಳಿ. ಹೌದಾದರೆ ನಿಮ್ಮ ವಯಸ್ಸು ಎಷ್ಟೇ ಆಗಿರಲಿ, ಅರ್ಜಿ ಹಾಕಿ. ಇಲ್ಲವಾದರೆ, ಬಿಡುವು ಸಿಗುವ ವರ್ಷದವರೆಗೆ ಕಾಯಿರಿ. ವಯಸ್ಸಿನ ಮಿತಿ ಇಲ್ಲದಿರುವುದರ ದೊಡ್ಡ ಲಾಭವೇ ಅದು.

‘ಪರೀಕ್ಷೆ ದಿನ ಬಂದರೆ ಸಾಕು’ ಎಂಬ ಸಂದೇಶ ಇನ್ನೊಮ್ಮೆ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಬಯ್ಯಬೇಡಿ. ಒಳ್ಳೆಯದಾಗಲಿ ಎಂದೇ ಅವರು ಕಳಿಸಿರುತ್ತಾರೆ. ‘ಇದಕ್ಕೆ ಬಾರ್ ಕೌನ್ಸಿಲ್ ಅನುಮೋದನೆ ಪತ್ರ ಇದೆಯಾ?’ ಎಂದು ಒಂದು ಸಾಲು ಉತ್ತರ ಬರೆಯಿರಿ. ಗುಂಪಿನಲ್ಲಿ ಯಾರೋ ಒಬ್ಬರು ಹಣ ಕಟ್ಟಲು ಹೊರಟಿದ್ದರೆ, ಆ ಒಂದು ಪ್ರಶ್ನೆ ಅವರನ್ನು ತಡೆದು ನಿಲ್ಲಿಸಬಹುದು.